ಬದುವಿಲ್ಲದ ಮೈದಾನದಲ್ಲಿ ಎಗರಿದವರು

ಪ್ರೀತಿಯ ಭಾವನವರಿಗೆ,

ನಿಮ್ಮ ಭಾವಮೈದ ಚನ್ನಪ್ಪ ಮಾಡುವ ನಮಸ್ಕಾರ. ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಮ್ಮ ಫುಟ್‌ಬಾಲ್ ಟೀಮೊಂದನ್ನು ಬಿಟ್ಟು ಮಿಕ್ಕವರೆಲ್ಲ ಕ್ಷೇಮ. ಈ ಸಲ ಸೀಸನ್ ಶುರುವಾಗಿ ಮೊದಲ ಮೂರು ಆಟ ಸೋತೆವು. ಒಂದೇ ಒಂದು ಗೋಲು ಹೊಡೆಯಲಿಲ್ಲ. ನಾಲ್ಕನೆಯ ಆಟ ನಿನ್ನೆ ಆಯಿತು. ಅದರ ಸುದ್ದಿ ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ನೀವು ಓದುವುದಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ?

ಹೋದ ವರ್ಷ ಹುತ್ತರಿ ಕಳೆದು ಕುಯ್ಲು ಮುಗಿದ ಮೇಲೆ ನೀವು ಪಂಚೆ ಎತ್ತಿ ಕಟ್ಟಿ ಗದ್ದೆಗಿಳಿದದ್ದು ಈಗಲೂ ಕಣ್ಣ ಮುಂದೆ ಇದೆ. ಮೇಲೊಂದು ಗದ್ದೆ, ಕೆಳಗೊಂದು ಗದ್ದೆ, ನಡುವೆ ಮೊಣಕಾಲೆತ್ತರದ ಬದು. ಅದೇ ನಮ್ಮ ಮೈದಾನ. ಮೇಲಿನ ಗದ್ದೆಗೊಂದು ಗೋಲು, ಕೆಳಗಿನದಕ್ಕೊಂದು, ಬದುವೇ ನಡುಗೆರೆ. ಬರಿಗಾಲಿನ ಹುಡುಗರಿಗೆ ಭತ್ತದ ಕೂಳೆ ಚುಚ್ಚಬಾರದೆಂದು ಎತ್ತು ಕಟ್ಟಿ ದಿಮ್ಮಿ ಎಳೆಸಿದಿರಿ, ಗೋಲಿಗೆ ಹೊಸ ಬಿದಿರು ನೆಡಿಸಿದಿರಿ. ಬದುವನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ನಮ್ಮ ಕ್ಯಾಪ್ಟನ್ ಮೊಯ್ದು ತಲೆ ಕೆರೆಯುತ್ತ, "ಇದೊಂದು ಕಡಿದುಬಿಡುವ ಗೌಡ್ರೇ, ಎಷ್ಟು ಚಂದ ಆಗ್ತದೆ" ಅಂದ. "ಮಳೆಗಾಲ್ದಾಗೆ ಮೇಲಿನ್ ಗದ್ದೆ ನೀರ್ನ ನೀನ್ ಬಂದು ಅಡ್ಡ ಮಲಿಕ್ಕಂಡು ತಡೀತೀಯೇನ್ಲಾ?" ಎಂದು ನೀವು ಗದರಿದಿರಿ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಆಟದ ದಿನ ಆ ಬದುವಿನ ತುದಿಯ ಕಲ್ಲಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತರೆ ನೀವೇ ನಮ್ಮೂರು ನೆಲ್ಯಹುದಿಕೇರಿಗೆ ಚೀಫ್ ಕಮಿಷನರ್. ಜನ್ಮದಲ್ಲಿ ಒಂದು ಚೆಂಡು ಒದ್ದವರಲ್ಲ. ಆಫ್‌ಸೈಡ್ ಅಂದರೇನೆಂದು ನಾನು ಎಷ್ಟು ಸೀಸನ್ ಹೇಳಿಕೊಟ್ಟಿಲ್ಲ? "ಮುಂದೆ ಹೋಗಿ ನಿಲ್ಲದು ತಪ್ಪಾದ್ರೆ, ಹಿಂದೆ ನಿಂತ್ಕಂಡು ಗೋಲ್ ಹೊಡೀತಾರೇನೋ ಪೆದ್ದ?" ಎಂದು ನನ್ನನ್ನೇ ಬೈದಿರಿ. ಆದರೆ ಒಂದು ವಿಷಯದಲ್ಲಿ ನಿಮಗೆ ಸರಿಸಾಟಿ ಇರಲಿಲ್ಲ. ನಮ್ಮವರು ಚೆಂಡಿನ ಜೊತೆ ಓಡಿಬಂದು ಬದುವಿಗೆ ಇನ್ನೊಂದೇ ಹೆಜ್ಜೆ ಇದೆ ಅನ್ನುವಾಗ ನಿಮ್ಮ ಕೂಗು ಬೀಳುತ್ತಿತ್ತು. "ಎಗರ್ರಲಾ!" ಅಷ್ಟೇ. ಚೆಂಡನ್ನು ಬದುವಿನ ಮೇಲೆ ಹಾರಿಸಿ ಹುಡುಗರು ಹಿಂದೆಯೇ ಎಗರುತ್ತಿದ್ದರು. ಎದುರು ಪಾರ್ಟಿಯವರು ಎಡವಿ ಮಣ್ಣು ಮುಕ್ಕುತ್ತಿದ್ದರು. ಹೊಳೆಯ ಆಚೆ ದಡಕ್ಕೂ ಕೇಳುತ್ತಿದ್ದ ಆ ದನಿ, ಭಾವ...

ಆಟಿ ತಿಂಗಳ ಮಳೆಯಲ್ಲಿ ಜ್ವರ ಬಂದು ಮಲಗಿದಾಗ ಕೂಡ ನೀವು ಕೇಳಿದ್ದು ಬಿದಿರಿನ ವಿಷಯ. ಈ ಸಲ ಗಟ್ಟಿ ಬಿದಿರು ತರಿಸು ಅಂದಿರಿ. ತರಿಸಿದೆ. ಕುಯ್ಲು ಮುಗಿದ ಮೇಲೆ ಅಕ್ಕನ ಹತ್ತಿರ ಗದ್ದೆ ಕೇಳಲು ಹೋದೆ. ನಿಮ್ಮ ಆಟದ ಮೇಲೆ ಅವಳಿಗೆ ಎಂದೂ ಒಲವಿರಲಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದೇ? ಅಡುಗೆಮನೆಯ ಕಿಟಕಿಯಾಚೆಯೇ ಗದ್ದೆಯಿದ್ದರೂ ಒಂದು ದಿನ ಇಳಿದು ಬಂದವಳಲ್ಲ. ಭಾನುವಾರ ಬಂತೆಂದರೆ ಮುದ್ದೆ ಆರಿ ಕಲ್ಲಾಗುತ್ತದೆ ಎಂದು ನಿಮ್ಮನ್ನು ಬೈಯುವುದೇ ಅವಳ ಆಟ. ಈ ಸಲ ಬೈಯಲಿಲ್ಲ. ಮೆಲ್ಲಗೆ ಹೇಳಿದಳು, "ಈ ವರ್ಸ ಬ್ಯಾಡ ಕಣೋ ಚನ್ನ. ಹುಡುಗ್ರು ಗದ್ಲ ಎಲ್ಲಾ ಕೇಳುಸ್ಬೇಕು, ಅವರ್ ಕೂಗೊಂದು ಕೇಳುಸ್ಬಾರ್ದು ಅಂದ್ರೆ ನನ್ ಕೈಲಿ ತಡಿಯಕ್ಕಾಗಲ್ಲ." ಕಾಫಿ ಕುಡಿದು ಎದ್ದು ಬಂದೆ.

ಕಾಫಿ ಎಸ್ಟೇಟಿನ ದೊರೆಯ ಮುಂದೆ ಕೈಕಟ್ಟಿ ನಿಂತದ್ದು ಆಗಲೇ. ಇಷ್ಟು ವರ್ಷ ಅವರ ಲೆಕ್ಕ ಬರೆದ ರೈಟರು ಬಾಯಿಬಿಟ್ಟು ಕೇಳಿದ್ದಾನೆಂದು ಬಂಗಲೆ ಕೆಳಗಿನ ಮೈದಾನವನ್ನು ಕೊಟ್ಟರು. ಅಂಗೈಯಂತೆ ಸಮನಾದ ನೆಲ, ಮೆತ್ತನೆ ಹುಲ್ಲು. ಹುಡುಗರ ಮುಖ ಅರಳಿತು, ನನಗೆ ಮಾತ್ರ ಹೆದರಿಕೆ ಹತ್ತಿತು. ಒಂದು ಸೀಸನ್ ಇಲ್ಲಿ ಆಡಿ ರುಚಿ ಹತ್ತಿದರೆ ಮುಂದಿನ ವರ್ಷ ಯಾರು ಕೂಳೆ ತುಳಿಯಲು ಬರುತ್ತಾರೆ? ನಿಮ್ಮ ಗದ್ದೆ ಬರೀ ಗದ್ದೆಯಾಗಿ ಉಳಿಯುತ್ತದಲ್ಲ, ಆಗ ನೀವು ನಮ್ಮನ್ನು ಇನ್ನೊಂದು ಸಲ ಬಿಟ್ಟುಹೋದಂತೆಯೇ ಅಲ್ಲವೇ ಎಂದು ಮನಸ್ಸಿಗೆ ಬಂತು.

ಮೊದಲ ಆಟದ ದಿನವನ್ನು ನೀವು ನೋಡಬೇಕಿತ್ತು. ಎಸ್ಟೇಟಿನ ಕೂಲಿ ಲೈನಿನ ಹುಡುಗ ಮುತ್ತು, ನಿಮ್ಮ ಮುದ್ದಿನ ಫಾರ್ವರ್ಡ್, ಗಾಳಿಯಂತೆ ಚೆಂಡು ತಂದ. ಮೈದಾನದ ನಡುವೆ ಸುಣ್ಣದ ಗೆರೆ. ಗೆರೆ ಹತ್ತಿರ ಬಂದದ್ದೇ ಚೆಂಡನ್ನು ಮೇಲೆ ಹಾರಿಸಿ ತಾನೂ ಎಗರಿದ! ಚೆಂಡು ಎದುರಾಳಿಯ ಎದೆಗೆ ಹೋಗಿ ಬಿತ್ತು. ಅವನ ಹಿಂದೆ ಮೊಯ್ದುವೂ ಎಗರಿದ. ಆಮೇಲೆ ಯಾರು ಬಂದರೂ ಅದೇ. ಏನೂ ಇಲ್ಲದ ಜಾಗದಲ್ಲಿ ನಮ್ಮ ಇಡೀ ಟೀಮು ಎಗರುತ್ತಿತ್ತು. ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ನಿಮ್ಮ ಮೇಲೆ. ಹುಡುಗರ ಕಾಲಿಗೆ ಹೀಗೂ ಪಾಠ ಹೇಳಿಟ್ಟು ಹೋಗುತ್ತಾರೆಯೇ?

ಮಾರನೆಯ ದಿನ ಟೀ ಅಂಗಡಿಯಲ್ಲಿ ತಲೆ ಎತ್ತುವ ಹಾಗಿರಲಿಲ್ಲ. ಕೊಡಗು ಮೈಸೂರಿಗೆ ಸೇರಬೇಕೋ, ಬೇರೆಯಾಗಿಯೇ ಇರಬೇಕೋ ಎಂದು ಅಲ್ಲಿ ದಿನಬೆಳಗಾದರೆ ಜಗಳ. ಅಂದು ಎರಡೂ ಕಡೆಯವರು ಜಗಳ ಬಿಟ್ಟು ನಮ್ಮನ್ನು ಆಡಿಕೊಂಡರು. ಅವರನ್ನು ಒಂದು ಮಾಡಿದ ಪುಣ್ಯ ನಮ್ಮ ಟೀಮಿನದು. ನಾನೂ ಹಟ ಹಿಡಿದೆ. ಪಿಕ್ಕಿಂಗ್ ಮುಗಿಸಿ ಬಂದ ಹುಡುಗರನ್ನು ಸಂಜೆ ಸಂಜೆ ಮೈದಾನಕ್ಕೆ ಕರೆದು, ಗೆರೆಯ ಬಳಿ ನಿಂತು "ಎಗರ್ಬೇಡಿ" ಎಂದು ಗಂಟಲು ಹರಿಯುವಂತೆ ಕೂಗಿದೆ. ನಿಮ್ಮ ಭಾವಮೈದ ನಿಮಗೇ ತಿರುಮಂತ್ರ ಹಾಕಿದ. ಎರಡನೆಯ ಆಟದಲ್ಲಿ ಗೆರೆ ಬಂದರೆ ಎಗರುವುದೋ ಬೇಡವೋ ಎಂದು ಯೋಚಿಸುತ್ತ ನಿಂತು ಸೋತರು. ಮೂರನೆಯದರಲ್ಲಿ ಯಾರೂ ಎಗರಲಿಲ್ಲ, ಚೆನ್ನಾಗಿಯೇ ಆಡಿದರು, ಆದರೂ ಸೋತರು. ನೋಡಲು ಎಲ್ಲ ಸರಿಯಾಗಿತ್ತು. ನಮ್ಮ ಟೀಮಿನಂತೆ ಮಾತ್ರ ಇರಲಿಲ್ಲ.

ಹೋದ ಗುರುವಾರ ಅಕ್ಕನ ಮನೆಯಲ್ಲಿ ಕೂತಿದ್ದಾಗ, ಅವಳೇ ಕೇಳಿದಳೆಂದು ಇದನ್ನೆಲ್ಲ ಹೇಳಿದೆ. ಮುತ್ತು ಹೇಗೆ ಎಗರಿದ ಎಂದು ಎದ್ದು ನಿಂತು ತೋರಿಸಿದೆ. "ಅಲ್ಲಿ ಬದ ಇಲ್ವಲ್ಲೋ?" ಅಂದಳು. "ಅದೇ ಅಕ್ಕ, ಬದ ಇಲ್ದಿದ್ರೂ ಎಗುರ್ತಾರೆ" ಅಂದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀವು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ ಭಾವ. ನಗುತ್ತಲೇ ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು, "ಕಂಡೋರ್ ಮೈದಾನದಾಗೆ ಯಾಕ್ ನಗೆಪಾಟ್ಲಾಗ್ಬೇಕು? ಭಾನ್ವಾರ ಇಲ್ಲೇ ಆಡ್ಲಿ. ನಾನು ಬಾಗ್ಲು ಹಾಕ್ಕಂಡು ಒಳ್ಗಿರ್ತೀನಿ" ಅಂದಳು. ಎರಡೇ ದಿನದಲ್ಲಿ ದಿಮ್ಮಿ ಎಳೆಸಿ ಗಟ್ಟಿ ಬಿದಿರು ನೆಡಿಸಿದೆ.

ಇನ್ನು ನಿನ್ನೆಯ ಆಟ. ಹೊಳೆಯಾಚೆಯವರು ಬಂದಿದ್ದರು. ನಿಮ್ಮ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ, ಬೇಡವೆಂದು ಯಾರೂ ಹೇಳಿರಲೂ ಇಲ್ಲ. ಆಟ ಶುರುವಾಯಿತು. ಮುತ್ತು ಚೆಂಡು ತಂದ, ಬದುವಿನ ಹತ್ತಿರ ಬಂದ, ಎಗರಲಿಲ್ಲ! ಕಾಲು ತಾಗಿ ಮುಗ್ಗರಿಸಿ ಕೆಳಗಿನ ಗದ್ದೆಗೆ ಬಿದ್ದ. ಮೊಯ್ದುವೂ ಬಿದ್ದ. ಎಗರಬೇಡಿ ಎಂದು ನಾನು ಹೇಳಿಕೊಟ್ಟ ಪಾಠ ಅಷ್ಟು ಚೆನ್ನಾಗಿ ಹತ್ತಿತ್ತು. ಅಷ್ಟರಲ್ಲಿ ಎದುರಿನವರು ಎರಡು ಗೋಲು ಹೊಡೆದರು. ಕೂಗೋಣವೆಂದು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡೆ. ಆ ಕೂಗು ನಿಮ್ಮದು, ನಾನು ಹೇಗೆ...

ಆಟ ಮುಗಿಯುತ್ತ ಬಂದಿತ್ತು. ಮುತ್ತು ಮತ್ತೆ ಚೆಂಡು ತಂದ. ಇನ್ನೇನು ಎಡವಬೇಕು, ಆಗ ಕೂಗು ಬಂತು.

"ಎಗರ್ರಲಾ!"

ಹುಡುಗ ಎಗರಿದ ಭಾವ. ಚೆಂಡು ಹಾರಿತು, ಅವನೂ ಹಾರಿದ, ತಡೆಯಲು ಬಂದವನು ಬದುವಿಗೆ ಎಡವಿ ಬೋರಲು ಬಿದ್ದ, ಗೋಲು! ಈ ಸೀಸನ್ನಿನ ನಮ್ಮ ಮೊದಲ ಗೋಲು. ಯಾರೂ ಕುಣಿಯಲಿಲ್ಲ. ಎಲ್ಲರೂ ನಿಮ್ಮ ಕಲ್ಲಿನ ಕಡೆ ತಿರುಗಿ ನಿಂತಿದ್ದರು. ಅಲ್ಲಿ ಅಕ್ಕ ನಿಂತಿದ್ದಳು. ಉಣ್ಣುತ್ತಿದ್ದವಳು ಹಾಗೆಯೇ ಎದ್ದು ಓಡಿಬಂದಿದ್ದಳು, ಬಲಗೈಗೆ ಅಂಟಿದ ಮುದ್ದೆ ಅಂಟಿದಂತೆಯೇ ಇತ್ತು. ಇಷ್ಟು ವರ್ಷ ಕಿಟಕಿಯೊಳಗಿಂದ ನಿಮ್ಮ ಕೂಗನ್ನು ಅವಳು ಅಷ್ಟು ಲಕ್ಷ್ಯವಿಟ್ಟು ಕೇಳಿದ್ದಳೆಂದು ನಿಮಗೆ ಗೊತ್ತಿತ್ತೇ? ಒಂದು ಹೆಜ್ಜೆ ಹೆಚ್ಚು ಕಡಿಮೆ ಇರಲಿಲ್ಲ.

ಎರಡಕ್ಕೆ ಒಂದರಲ್ಲಿ ಸೋತೆವು. ಅದನ್ನು ಹೇಳಿದರೆ ಅಕ್ಕ, "ಸೋಲ್ಲಿ ಬಿಡು, ಮುಂದಿನ್ ವಾರ ಮೊದ್ಲೇ ಬಂದು ಕೂತ್ಕತೀನಿ" ಅಂದಳು. ಮೊಯ್ದು ನಾಳೆಯೇ ದೊರೆಯ ಬಂಗಲೆಗೆ ಹೋಗಿ, ಮೈದಾನ ಕೊಟ್ಟದ್ದಕ್ಕೆ ಉಪಕಾರವಾಯಿತು, ಇನ್ನು ಬೇಡ ಎಂದು ಹೇಳಿ ಬರುತ್ತಾನೆ. ನಾನಿರುವವರೆಗೆ ನಿಮ್ಮ ಬದುವಿಗೆ ಯಾರ ಗುದ್ದಲಿಯೂ ಬೀಳುವುದಿಲ್ಲ, ನಿಶ್ಚಿಂತೆಯಿಂದಿರಿ.

ಇನ್ನೊಂದು ಸುದ್ದಿ. ಆಟ ಮುಗಿದ ಮೇಲೆ ಒಳಗೆ ಹೋದಾಗ ಅಕ್ಕನ ತಟ್ಟೆ ಬಿಟ್ಟುಹೋದ ಹಾಗೆಯೇ ಇತ್ತು. ಮುದ್ದೆ ಆರಿ ಕಲ್ಲಾಗಿತ್ತು. ಅವಳು ಯಾರನ್ನೂ ಬೈಯದೆ ಕೂತು ಉಂಡಳು.

ನಿಮ್ಮ ಪೆದ್ದ,
ಚನ್ನಪ್ಪ