ಬೀಳೋದನ್ನ ಕಾಯೋರು

ಪ್ರೀತಿಯ ಕ್ಲಿಫ್,

ನಮ್ಮ ಒಲೆ ಕಾರ್ಖಾನೆಯ ಷೇರಿನಲ್ಲಿ 'ಶಾರ್ಟ್ ಇಂಟರೆಸ್ಟ್' ಏರಿದೆ ಅಂತ ಇಲ್ಲಿ ಓಹಾಯೋದ ಪೇಪರಿನಲ್ಲಿ ಬಂದಿತ್ತು. ಮಧ್ಯಾಹ್ನ ಕಾರ್ಖಾನೆಯ ಊಟದ ಮೇಜಿನಲ್ಲಿ ನನ್ನ ಜೊತೆ ಕೆಲಸ ಮಾಡೋ ಡೆಲ್ಫಿನ್ ಅದನ್ನ ಓದಿ, "ಶಾರ್ಟ್ ಅಂದರೆ ಕಮ್ಮಿ ತಾನೇ? ಜನಕ್ಕೆ ನಮ್ಮ ಮೇಲೆ ಇಂಟರೆಸ್ಟ್ ಕಮ್ಮಿ ಆಯ್ತಂತೆ ಕಣೇ ವರ್ನಾ, ನಿನ್ನ ತಮ್ಮನಿಗೆ ನಿನ್ನ ಮೇಲೆ ಆದ ಹಾಗೆ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಕ್ಕೇ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಕೆಲಸ ಮಾಡೋ ನಿನಗೆ ಫೋನ್ ಮಾಡಿದ್ದು. ಅವಸರದಲ್ಲಿದ್ದರೂ ನೀನು ಬಿಡಿಸಿ ಹೇಳಿದೆ: ಷೇರನ್ನ ಕಡ ತಂದು ಇವತ್ತೇ ಮಾರ್ತಾರೆ, ಬೆಲೆ ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವಾಪಸ್ ಕೊಡ್ತಾರೆ. ಹಾಗೆ ಮಾರಿ ಇನ್ನೂ ವಾಪಸ್ ಕೊಡದ ಷೇರುಗಳ ಲೆಕ್ಕಕ್ಕೇ ಆ ಹೆಸರು. ಅಂದರೆ ಇಂಟರೆಸ್ಟ್ ಕಮ್ಮಿಯಾಗಿಲ್ಲ. ನಾವು ಬೀಳಲಿ ಅಂತ ಅಷ್ಟೊಂದು ಜನ ದಿನಾ ನಮ್ಮನ್ನೇ ನೋಡ್ತಾ ಕೂತಿದ್ದಾರೆ. ಇದನ್ನ ನಾನು ಡೆಲ್ಫಿನ್‌ಗೆ ಹೇಳಿದೆ. ನಂಬಲಿಲ್ಲ.

ನಮ್ಮ ಷೇರನ್ನ ನೀನೂ ಹಾಗೆ ಮಾರಿದ್ದೀಯಾ ಅಂತ ನಾನು ಕೇಳೋದಿಲ್ಲ.

ಮನೆ ಮೆಟ್ಟಿಲ ಮೇಲೆ ಹಿಮ ಗಾಜಿನ ಹಾಗೆ ಗಟ್ಟಿಯಾಗಿದೆ. ಅದು ಕರಗೋಕೆ ಚೆಲ್ಲೋ ಉಪ್ಪಿನ ಮೂಟೆ ನನ್ನ ಕೈಲಿ ಎತ್ತೋಕಾಗಲ್ಲ. ಕ್ರಿಸ್‌ಮಸ್‌ಗೆ ಬಾ. ಅಕ್ಕ ಯಾವಾಗ ಬೀಳ್ತಾಳೆ ಅಂತ ನೋಡೋಕಾದರೂ ಬಾ.

ಇನ್ನೂ ನಿಂತೇ ಇರುವ ನಿನ್ನ ಅಕ್ಕ,
ವರ್ನಾ