ನನ್ನ ಸೋಫಾ, ವಿನಿಯ ಸರದಿ

ಕೌಂಟಿಯ ವಸತಿ ಇಲಾಖೆಯ ಮಾನ್ಯ ನಿರ್ದೇಶಕರೇ,

ನನ್ನ ಗೆಳತಿ ವಿನಿಫ್ರೆಡ್ ಹ್ಯಾಸ್ಕೆಟ್ ಈಗ ತನ್ನ ಕಾರಿನಲ್ಲಿ ಮಲಗುತ್ತಾಳೆ, ಅದೂ ತಮ್ಮ ಇಲಾಖೆಯ ಸಲಹೆಯ ಮೇರೆಗೆ. ಆ ಸಲಹೆಯನ್ನು ಪಾಲಿಸಿದರೂ ಅವಳ ಹೆಸರು ಮನೆ ಹಂಚಿಕೆಯ ಸರದಿಯಿಂದ ಹಾರಿಹೋಗಿದೆ. ಕಾರಣ, ಹಬ್ಬದ ದಿನ ನಾನು ಅವಳನ್ನು ಊಟಕ್ಕೆ ಕರೆದೆ.

ಮೊದಲು ಅಭಿನಂದನೆ ಸಲ್ಲಿಸಿಬಿಡುತ್ತೇನೆ. ಹತ್ತು ವರ್ಷಗಳಲ್ಲಿ ವಸತಿಹೀನತೆಯನ್ನು ಕೊನೆಗಾಣಿಸುವ ತಮ್ಮ ದೀರ್ಘಾವಧಿ ಕಾರ್ಯತಂತ್ರವನ್ನು ಓದಿದೆ. ಕಾಗದ ನುಣುಪಾಗಿದೆ. ಮುಖಪುಟದ ಸೂರ್ಯೋದಯವಂತೂ ಕಣ್ಣಿಗೆ ಹಬ್ಬ. ಇದಕ್ಕೂ ಹಿಂದಿನ ಹತ್ತು ವರ್ಷದ ಕಾರ್ಯತಂತ್ರದ ಮೇಲೆ ಸೂರ್ಯಾಸ್ತವಿತ್ತು, ಆದ್ದರಿಂದ ಪ್ರಗತಿ ಆಗಿಲ್ಲ ಎನ್ನುವಂತಿಲ್ಲ. ಗ್ರಂಥಾಲಯದಲ್ಲಿ ನಡೆದ ಜನಾಭಿಪ್ರಾಯ ಸಭೆಗೂ ನಾವಿಬ್ಬರು ಹೋಗಿದ್ದೆವು. ಎಲ್ಲರ ಕೈಗೂ ಬಣ್ಣದ ಚುಕ್ಕಿ ಸ್ಟಿಕ್ಕರ್ ಕೊಟ್ಟು, ಗೋಡೆಯ ಹಾಳೆಗಳಲ್ಲಿ ಮುಖ್ಯವೆನಿಸಿದ್ದಕ್ಕೆ ಅಂಟಿಸಿ ಎಂದರು. ಒಂದು ಹಾಳೆ ಸಮನ್ವಯಕ್ಕೆ, ಒಂದು ಜಾಗೃತಿಗೆ, ಒಂದು ಸಹಭಾಗಿತ್ವಕ್ಕೆ. ಮೂಲೆಯಲ್ಲಿ ಮನೆಗಳಿಗೂ ಒಂದಿತ್ತು. ವಿನಿ ತನ್ನ ಪಾಲಿನ ಚುಕ್ಕಿಗಳನ್ನೆಲ್ಲ ಅಲ್ಲಿಗೇ ಮೆತ್ತಿದಳು.

“ಸ್ವಲ್ಪ ಬೇರೆ ಕಡೇನೂ ಹಂಚಿ ಅಂಟ್ಸಿ ಅಮ್ಮಾ,” ಎಂದಳು ಸಭೆ ನಡೆಸುತ್ತಿದ್ದ ಹುಡುಗಿ.

“ಸಮನ್ವಯದೊಳಗೆ ಮಂಚ ಹಿಡ್ಸುತ್ತೇನಮ್ಮಾ? ಹಿಡ್ಸೋದಾದ್ರೆ ಅಲ್ಲೂ ಒಂದು ಅಂಟಿಸ್ತೀನಿ,” ಎಂದಳು ವಿನಿ.

ಈ ಊರಿನ ಅರ್ಧ ಮಕ್ಕಳನ್ನು ಶಾಲೆಯ ಬಸ್ಸಿನಲ್ಲಿ ಹೊತ್ತು ತಿರುಗಿದವಳು ಅವಳು. ತಮ್ಮ ಸಿಬ್ಬಂದಿಯಲ್ಲೂ ಕೆಲವರು ಅವಳ ಕೈಯಲ್ಲಿ “ಕೂತ್ಕೊಳ್ರೋ” ಎಂದು ಗದರಿಸಿಕೊಂಡಿರಬಹುದು. ನಿವೃತ್ತಳಾಗಿ ಗಾಲಿಗಳ ಮೇಲಿನ ಟ್ರೇಲರ್ ಮನೆಯಲ್ಲಿದ್ದಳು. ಅದು ನಿಂತಿದ್ದ ಜಾಗ ಮಾರಾಟವಾಯಿತು. ಬೇರೆಡೆಗೆ ಎಳೆದರೆ ಮುರಿದುಬೀಳುವಷ್ಟು ಹಳೆಯ ಟ್ರೇಲರ್ ಅದು. ಹಾಗಾಗಿ ವಸಂತದಲ್ಲಿ ನನ್ನ ಸೋಫಾಕ್ಕೆ ಬಂದಳು. ಬೇಸಿಗೆ ಮುಗಿಯುವಷ್ಟರಲ್ಲಿ ನನ್ನ ಮನೆ ಮಾಲೀಕರು, ಅವರನ್ನು ಕಳಿಸಿ, ಇಲ್ಲವೇ ಇಬ್ಬರೂ ಗಂಟುಮೂಟೆ ಕಟ್ಟಿ ಎಂದರು. ವಯಸ್ಸಾದವರಿಗಾಗಿ ಇಲಾಖೆ ಕಟ್ಟಿಸಿದ ಮನೆಗಳಲ್ಲಿ ಒಂದಕ್ಕೆ ಸರದಿಯಲ್ಲಿ ಹೆಸರು ಹಚ್ಚಲು ತಮ್ಮ ಕಚೇರಿಗೆ ಓಡಿದೆವು.

“ಮಲ್ಗೋಕೆ ಸೋಫಾ ಇದೆ ಅಂದ್ರೆ ಮನೆ ಇದೆ ಅಂತ್ಲೇ ಅರ್ಥ,” ಎಂದರು ಅಲ್ಲಿನ ಅಧಿಕಾರಿ, ತುಂಬ ಮೃದುವಾಗಿ. “ಹೊರಗೆ ಮಲಗ್ಬೇಕು. ಕಾರಾದ್ರೂ ನಡೆಯುತ್ತೆ. ನಮ್ಮವರು ಒಂದು ಬೆಳಿಗ್ಗೆ ಬಂದು ಕಣ್ಣಾರೆ ನೋಡ್ತಾರೆ.”

“ಯಾವ ಬೆಳಿಗ್ಗೆ ಸಾರ್?”

“ಅದನ್ನ ಹೇಳೋ ಹಾಗಿಲ್ಲ.”

ವಸತಿಹೀನತೆಯನ್ನು ಕೊನೆಗಾಣಿಸಬೇಕಾದರೆ ಮೊದಲು ಅದನ್ನು ಶುರುಮಾಡಿಸಬೇಕು ಎಂಬ ಸೂಕ್ಷ್ಮ ನಮ್ಮಂಥ ಪಾಮರರಿಗೆ ಹೇಗೆ ಹೊಳೆಯಬೇಕು? ವಿನಿ ದಿಂಬು ಎತ್ತಿಕೊಂಡು ಕಾರಿಗೆ ಹೋದಳು. ಪಾದ್ರಿಗಳು ಚರ್ಚಿನ ಅಂಗಳದಲ್ಲಿ ನಿಲ್ಲಿಸಲು ಒಪ್ಪಿದರು. ತಾತ್ಕಾಲಿಕವಾಗಿ ಅವಳ ಹೆಸರು ಸರದಿಗೆ ಸೇರಿತು. ಅವಳು ತಮ್ಮವರ ದಾರಿ ಕಾದಳು, ಅವರು ಬರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಟರ್ಕಿ ಕೋಳಿ ಬೇಯಿಸಿ ಒಬ್ಬಳೇ ತಿನ್ನುವಷ್ಟು ಗಟ್ಟಿ ಮನಸ್ಸು ನನ್ನದಲ್ಲ. ಹೋಗಿ ಕರೆತಂದೆ. ವಿನಿ ಎರಡೆರಡು ಸಲ ಬಡಿಸಿಕೊಂಡಳು, ಬಿಸಿನೀರಿನ ಸ್ನಾನ ಮಾಡಿದಳು, ಸೋಫಾದಲ್ಲಿ ಒರಗಿದವಳು ಹಾಗೇ ನಿದ್ದೆಹೋದಳು.

“ಎಬ್ಬಿಸ್ಬಾರ್ದಿತ್ತೇನೇ ನನ್ನ?” ಎಂದು ಮಾರನೆಯ ಬೆಳಿಗ್ಗೆ ಬೈದಳು.

“ಎಬ್ಸೋಕೆ ಮನಸ್ಸು ಬರ್ಬೇಕಲ್ಲೇ ಮಾರಾಯ್ತಿ! ಎಷ್ಟು ದಿನ ಆಗಿತ್ತು ನೀನು ಕಾಲು ಚಾಚಿ ಮಲಗಿ.”

ತಮ್ಮವರು ಬಂದದ್ದು ಅದೇ ಬೆಳಿಗ್ಗೆ. ಕಾರು ಖಾಲಿ. ಹೀಗಾಗಿ “ಅರ್ಜಿದಾರರಿಗೆ ವಸತಿ ದೊರೆತಿದೆ” ಎಂದು ತೀರ್ಮಾನಿಸಿ ಅವಳ ಹೆಸರನ್ನು ತೆಗೆದರು. ತಮ್ಮ ವಾರ್ಷಿಕ ವರದಿಯಲ್ಲಿ ಅವಳೀಗ ಯಶೋಗಾಥೆಯಾಗಿರಬೇಕು. ಇಡೀ ಕಾರ್ಯತಂತ್ರದಲ್ಲಿ “ನೆರೆಹೊರೆಯವರ ಕಾಳಜಿ” ಎಂಬ ಮಾತು ಪುಟಪುಟಕ್ಕೂ ಬರುತ್ತದಲ್ಲ ಮಾನ್ಯರೇ, ಆ ಕಾಳಜಿ ಹೇಗಿರಬೇಕು? ಊಟ ಹಾಕಿ ಬಾಗಿಲು ಹಾಕಿಕೊಳ್ಳಬೇಕೆ?

ವಿನಿಗೆ ಮೊದಲಿದ್ದ ಸರದಿಯೇ ಮರಳಿ ಸಿಗಬೇಕು. ಗೆಳತಿಯ ಸೋಫಾ ಮನೆಯಲ್ಲವೆಂದು ತಮ್ಮ ಕಾರ್ಯತಂತ್ರ ಒಪ್ಪಬೇಕು. ಇದು ನನ್ನ ಬೇಡಿಕೆ. ಅಲ್ಲಿಯವರೆಗೆ ಅವಳು ಮತ್ತೆ ಕಾರಿನಲ್ಲೇ ತಮ್ಮವರ ದಾರಿ ಕಾಯುತ್ತಿದ್ದಾಳೆ. ನಾನು ಸೂಪು ಒಯ್ದು ಕಿಟಕಿಯಿಂದ ಕೊಡುತ್ತೇನೆ. ನಿನ್ನೆ ಅವಳ ಬೆರಳುಗಳು ಮರಗಟ್ಟಿದ್ದವು. “ಒಳಗೆ ಬಾರೇ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡು ಮನೆಗೆ ಬಂದು ಅತ್ತೆ. ಈ ವಾರ ಹಿಮ ಬೀಳುತ್ತದಂತೆ. ಅವಳನ್ನು ಒಳಗೆ ಕರೆಯಲೋ ಬೇಡವೋ, ಹಿಮ ಬೀಳುವ ಮೊದಲು ತಿಳಿಸಿ.

ಇಂತಿ,
ಊಟಕ್ಕೆ ಕರೆದು ಗೆಳತಿಯ ಮನೆ ತಪ್ಪಿಸಿದ
ಲೋರ್ನಾ ಟೀಗ್