ಹದಿನೈದು ಪರ್ಸೆಂಟು

೧೪ ಮಾರ್ಚ್, ಶುಕ್ರವಾರ

ಇವತ್ತು ಕದಿರಮ್ಮನ ಮನೆಗೆ ನುಗ್ಗಿ ಕರೆಂಟ್ ಕಳ್ಳತನ ಹುಡುಕಿಬಂದೆ. ನಾಚಿಕೆ ಆಗ್ತಿದೆ, ಅದಕ್ಕಿಂತ ಸಿಟ್ಟು ಜಾಸ್ತಿ.

ಎರಡು ವರ್ಷದ ಹಿಂದೆ ಅವರ ಬೀದಿಯ ಟ್ರಾನ್ಸ್‌ಫಾರ್ಮರ್‌ನಿಂದ ತಿಂಗಳಿಗೆ ಹತ್ತು ಸಾವಿರ ಯೂನಿಟ್ ಹೋಗ್ತಿತ್ತು, ಅದರಲ್ಲಿ ಸಾವಿರ ದಾರಿಯಲ್ಲೇ ಸೋರಿಹೋಗ್ತಿತ್ತು. ಈಗ ಹೆಚ್ಚುಕಮ್ಮಿ ಮನೆಮನೆಗೂ ಸೋಲಾರ್, ಸಂಜೆಗೆ ಬ್ಯಾಟರಿ. ನಾವು ಕಳಿಸೋದೇ ನಾಲ್ಕು ಸಾವಿರ, ಸೋರೋದು ಆರುನೂರು. ಸೋರಿಕೆ ಕಮ್ಮಿಯಾಗಿದೆ ತಾನೇ? ಆದರೆ ಪರ್ಸೆಂಟ್ ಲೆಕ್ಕದಲ್ಲಿ ಹತ್ತು ಇದ್ದದ್ದು ಹದಿನೈದಾಯ್ತು. ಅಷ್ಟಕ್ಕೇ ನಮ್ಮ ಕರೆಂಟ್ ಆಫೀಸಿನ ಸಾಹೇಬರಿಗೆ ಕಳ್ಳರು ಕಂಡುಬಿಟ್ಟರು.

ಟ್ರಾನ್ಸ್‌ಫಾರ್ಮರ್ ತಾನೇ ತಿನ್ನೋ ಕರೆಂಟು ಯಾವಾಗಲೂ ಅಷ್ಟೇ, ಕಳಿಸೋದು ಕಮ್ಮಿಯಾದರೆ ಪರ್ಸೆಂಟ್ ಏರುತ್ತೆ ಅಂತ ಬಿಡಿಸಿ ಹೇಳಿದೆ. ‘ಪಾಠ ಮಾಡಬೇಡಮ್ಮ, ಆ ಬೀದೀಲಿ ಸೋಲಾರ್ ಇಲ್ಲದ ಮನೆ ಯಾವುದು, ಅಲ್ಲಿ ನೋಡು’ ಅಂದರು. ಸೋಲಾರ್ ಹಾಕಿಸೋಕೆ ಆಗದೇ ಇದ್ದದ್ದೇ ಕದಿರಮ್ಮನ ತಪ್ಪಾಯ್ತಾ?

ಈ ಪುಟ್ಟ ರೇಷ್ಮೆ ಊರು ವಿಜಯಪುರದಲ್ಲಿ ನಮ್ಮ ಜೀಪು ಬಾಗಿಲಿಗೆ ಬಂದು ನಿಂತರೆ ಸಾಕು, ಆ ಮನೆಯವರು ಕಳ್ಳರೇ ಅಂತ ಬೀದಿ ತೀರ್ಮಾನ ಮಾಡಿಬಿಡುತ್ತೆ. ಕದಿರಮ್ಮ ರೇಷ್ಮೆ ಹುರಿ ಮಾಡೋ ಮೆಷಿನ್ ನಿಲ್ಲಿಸಿ, ಕೈ ಒರೆಸ್ಕೊಂಡು, ತಾವೇ ಮೀಟರ್ ಪೆಟ್ಟಿಗೆ ತೆಗೆದು ತೋರಿಸಿದರು. ಏನೂ ಸಿಗಲಿಲ್ಲ. ‘ಹುಡುಕಿದ್ದಾಯ್ತಲ್ಲ, ಹೊರಗೆ ನಿಂತಿರೋ ಬೀದಿಯವರಿಗೂ ಒಂದು ಮಾತು ಹೇಳ್ಬಿಟ್ಟು ಹೋಗಮ್ಮ’ ಅಂದರು. ಹೇಳೋಕೆ ಅಂತಲೇ ಹೊರಗೆ ಬಂದೆ. ಸಾಹೇಬರು ಹಾರನ್ ಹೊಡೆಸಿದರು, ಸುಮ್ಮನೆ ಜೀಪು ಹತ್ತಿಬಿಟ್ಟೆ.

ನಾಳೆ ವರದಿ ಕೊಡಬೇಕು. ಸೋರಿಕೆ ಎಷ್ಟು ಯೂನಿಟ್ ಇಳೀತು ಅಂತ ಬರೆಯೋಕೆ ಆ ಫಾರಂನಲ್ಲಿ ಜಾಗವೇ ಇಲ್ಲ. ಅನುಮಾನ ಇರೋ ಮನೆಯವರ ಹೆಸರು ಬರೆಯೋಕೆ ಮಾತ್ರ ಮೂರು ಸಾಲು ಬಿಟ್ಟಿದ್ದಾರೆ.